ಲಿಚ್‌ಫೀಲ್ಡಿನ ನ್ಯಾಯಾಧೀಶ

ಇಂಗ್ಲೆಂಡಿನಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕಕ್ಕೆ ಬಂದು ನೆಲೆಸಿದವರು ತಮ್ಮೊಡನೆ ಬೀಜ, ನೇಗಿಲು, ಧರ್ಮಗ್ರಂಥಗಳನ್ನು ಮಾತ್ರ ತರಲಿಲ್ಲ. ತಾಯ್ನಾಡಿನ ಕಾನೂನನ್ನೂ ತಂದರು. 1776ರಲ್ಲಿ ಅವರು ಇಂಗ್ಲೆಂಡಿನ ದೊರೆಯ ಅಧಿಕಾರವನ್ನು ಕಿತ್ತೊಗೆದರು. ಆದರೆ ಆ ದೊರೆಯ ನ್ಯಾಯಾಲಯಗಳು ಶತಮಾನಗಳಿಂದ ರೂಪಿಸಿಕೊಂಡು ಬಂದಿದ್ದ ಕಾನೂನು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಹಾಗೆ ಉಳಿದುದರಲ್ಲಿ ವಿವಾಹಿತ ಸ್ತ್ರೀಯರಿಗೆ ಸಂಬಂಧಿಸಿದ ನಿಯಮಗಳೂ ಸೇರಿದ್ದವು.

ಆ ನಿಯಮಗಳಿಗೆ ‘ಕವರ್ಚರ್’ ಎಂದು ಹೆಸರು. ಹೊದಿಕೆ, ಮರೆ ಎಂಬುದು ಆ ಪದದ ಅರ್ಥ. ಮದುವೆಯಾದ ಹೆಣ್ಣು ಗಂಡನ ಮರೆಯಲ್ಲಿ ಇರುತ್ತಾಳೆ ಎಂಬ ಭಾವನೆ ಅದರ ಹಿಂದೆ ಇತ್ತು. ಕನ್ಯೆಯಾಗಿದ್ದಾಗ, ಇಲ್ಲವೆ ವಿಧವೆಯಾಗಿದ್ದಾಗ ಸ್ತ್ರೀಯು ಆಸ್ತಿಯನ್ನು ಹೊಂದಬಹುದಾಗಿತ್ತು, ಕರಾರು ಮಾಡಿಕೊಳ್ಳಬಹುದಾಗಿತ್ತು, ದಾವೆ ಹೂಡಬಹುದಾಗಿತ್ತು. ಮದುವೆಯಾದೊಡನೆ ಈ ಶಕ್ತಿಗಳೆಲ್ಲ ಅವಳನ್ನು ಬಿಟ್ಟುಹೋಗುತ್ತಿದ್ದವು. ತವರಿನಿಂದ ತಂದ ಹಸು, ಕೈಯಿಂದ ನೂತ ನೂಲು, ಕೂಡಿಟ್ಟ ನಾಣ್ಯ ಮೊದಲಾದ ಚರಾಸ್ತಿ ಗಂಡನ ಸ್ವತ್ತಾಗುತ್ತಿತ್ತು. ಅವಳ ದುಡಿಮೆಯ ಕೂಲಿಯೂ ಅವನದೇ. ತಂದೆಯಿಂದ ಬಂದ ಭೂಮಿ ಹೆಸರಿಗೆ ಅವಳದಾಗಿ ಉಳಿದರೂ ಅದರ ಆಡಳಿತವೂ ಫಲವೂ ಗಂಡನ ಕೈ ಸೇರುತ್ತಿದ್ದವು. ಇದನ್ನೆಲ್ಲ ಸಮರ್ಥಿಸಲು ನ್ಯಾಯಪಂಡಿತರು ಒಂದೇ ಒಂದು ಸೂತ್ರವನ್ನು ಹೇಳುತ್ತಿದ್ದರು: ವಿವಾಹದಿಂದ ಗಂಡಹೆಂಡಿರು ಕಾನೂನಿನ ದೃಷ್ಟಿಯಲ್ಲಿ ಒಂದೇ ವ್ಯಕ್ತಿಯಾಗುತ್ತಾರೆ. ಇಂಗ್ಲೆಂಡಿನ ವಿಲಿಯಂ ಬ್ಲಾಕ್‌ಸ್ಟನ್ ಎಂಬ ಪಂಡಿತನು 1765ರಿಂದ 1769ರವರೆಗೆ ಪ್ರಕಟಿಸಿದ ತನ್ನ ಪ್ರಸಿದ್ಧ ವ್ಯಾಖ್ಯಾನಗಳಲ್ಲಿ ಈ ಸೂತ್ರವನ್ನು ಸೊಗಸಾದ ಮಾತುಗಳಲ್ಲಿ ವಿವರಿಸಿದ್ದನು. ಅಮೆರಿಕದ ಪ್ರತಿಯೊಬ್ಬ ವಕೀಲನ ಮನೆಯಲ್ಲಿಯೂ ಆ ಗ್ರಂಥ ಇರುತ್ತಿತ್ತು ಎಂದರೆ ತಪ್ಪಾಗಲಾರದು.

ಆ ಸೊಗಸಾದ ಸೂತ್ರವನ್ನು ಒರೆಗೆ ಹಚ್ಚಿ, ಅದು ನಿಜವಲ್ಲವೆಂದು ಹೇಳಿದವನು ಕನೆಕ್ಟಿಕಟ್ ರಾಜ್ಯದ ನ್ಯಾಯಾಧೀಶನಾದ ಟ್ಯಾಪಿಂಗ್ ರೀವ್.

ರೀವ್ 1744ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಹುಟ್ಟಿದನು. ತಂದೆ ಆಬ್ನರ್ ರೀವ್ ಕ್ರೈಸ್ತ ಪಾದ್ರಿ. ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವೆಂದು ಹೆಸರಾದ ನ್ಯೂಜರ್ಸಿ ಕಾಲೇಜಿನಿಂದ ಅವನು 1763ರಲ್ಲಿ ಪದವಿ ಪಡೆದನು. ಅನಂತರ ಕೆಲವು ವರ್ಷ ಎಲಿಜಬೆತ್‌ಟೌನಿನಲ್ಲಿ ಉಪಾಧ್ಯಾಯನಾಗಿದ್ದನು. ಅದೇ ಕಾಲೇಜಿನ ಅಧ್ಯಕ್ಷನಾಗಿದ್ದು ತೀರಿಕೊಂಡಿದ್ದ ಬರ್ ಎಂಬವನ ಇಬ್ಬರು ಅನಾಥ ಮಕ್ಕಳು ಅಲ್ಲಿ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದರು: ಹುಡುಗಿ ಸ್ಯಾಲಿ, ಅವಳ ತಮ್ಮ ಏರನ್. ರೀವ್ ಇಬ್ಬರಿಗೂ ಪಾಠ ಹೇಳಿದನು. ಮುಂದೆ ಸ್ಯಾಲಿಯೇ ಅವನ ಪತ್ನಿಯಾದಳು. ಏರನ್ ಬರ್ ಅಮೆರಿಕದ ಉಪಾಧ್ಯಕ್ಷನಾದನು.

ಹಾರ್ಟ್‌ಫರ್ಡಿನಲ್ಲಿ ಜೆಸ್ಸಿ ರೂಟ್ ಎಂಬ ವಕೀಲನ ಬಳಿ ಕಾನೂನನ್ನು ಕಲಿತು, 1772ರಲ್ಲಿ ರೀವ್ ಲಿಚ್‌ಫೀಲ್ಡ್ ಎಂಬ ಬೆಟ್ಟದ ಮೇಲಣ ಊರಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದನು. ಅವನದು ಸೌಮ್ಯ ಸ್ವಭಾವ, ಮರೆವಿನ ಮನಸ್ಸು. ಒಮ್ಮೆ ಅವನು ಕಡಿವಾಣವನ್ನು ಕೈಯಲ್ಲಿ ಹಿಡಿದು ಯೋಚನೆಯಲ್ಲಿ ಮುಳುಗಿ ನಡೆಯುತ್ತಿದ್ದಾಗ ಕುದುರೆ ಕಡಿವಾಣವನ್ನು ಕಳಚಿಕೊಂಡು ಹೋಯಿತಂತೆ. ಅವನು ಮಾತ್ರ ಬರಿಯ ಕಡಿವಾಣವನ್ನೇ ಎಳೆಯುತ್ತ ಊರನ್ನು ಸೇರಿದನಂತೆ. ಲಿಚ್‌ಫೀಲ್ಡಿನವರು ಇಂತಹ ಕತೆಗಳನ್ನು ಅವನ ವಿಷಯದಲ್ಲಿ ಪ್ರೀತಿಯಿಂದ ಹೇಳಿಕೊಳ್ಳುತ್ತಿದ್ದರು. ವಯಸ್ಸಾದಂತೆ ಗಂಟಲು ಕೆಟ್ಟು ಅವನ ಧ್ವನಿ ಪಿಸುಮಾತಿಗೆ ಇಳಿದಿತ್ತು. ಆದರೂ ಅವನು ಮಾತನಾಡಲು ತೊಡಗಿದರೆ ಕೊಠಡಿಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದವಾಗುತ್ತಿತ್ತು.

ಪಿಸುಮಾತಿನ ಈ ಮನುಷ್ಯನು ಹೆಣ್ಣೊಬ್ಬಳ ಪರವಾಗಿ ನಿಂತ ಮೊದಲ ದೊಡ್ಡ ವ್ಯಾಜ್ಯವು ನಡೆದುದು ನೆರೆಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಅಲ್ಲಿಯ ಶೆಫೀಲ್ಡ್ ಎಂಬ ಊರಿನಲ್ಲಿ ಜಾನ್ ಆಶ್ಲಿ ಎಂಬ ದೊಡ್ಡ ಜಮೀನುದಾರನಿದ್ದನು. ಅವನ ಮನೆಯಲ್ಲಿ ಬೆಟ್ ಎಂಬ ನೀಗ್ರೋ ಗುಲಾಮ ಹೆಂಗಸು ದುಡಿಯುತ್ತಿದ್ದಳು. ಒಂದು ದಿನ ಆಶ್ಲಿಯ ಹೆಂಡತಿ ಕೋಪದಿಂದ ಒಲೆಯಲ್ಲಿ ಕಾದಿದ್ದ ಸಲಿಕೆಯನ್ನು ಎತ್ತಿ ಮನೆಯ ಇನ್ನೊಬ್ಬ ಗುಲಾಮ ಹುಡುಗಿಗೆ ಹೊಡೆಯಲು ಬಂದಳು. ಆ ಹುಡುಗಿ ಬೆಟ್‌ಳ ತಂಗಿಯೆಂದು ಕೆಲವರು, ಮಗಳೆಂದು ಕೆಲವರು ಹೇಳುತ್ತಾರೆ. ಬೆಟ್ ನಡುವೆ ಕೈಯೊಡ್ಡಿ ಪೆಟ್ಟನ್ನು ತಾನೇ ತಿಂದಳು. ಆ ಗಾಯದ ಕಲೆ ಅವಳ ತೋಳಿನಲ್ಲಿ ಸಾಯುವವರೆಗೂ ಉಳಿಯಿತು. ಅವಳು ಅದನ್ನು ಬಟ್ಟೆಯಿಂದ ಮುಚ್ಚಿಕೊಳ್ಳುತ್ತಿರಲಿಲ್ಲ. ನೋಡಿದವರು ಕೇಳಲಿ ಎಂದು ಬಿಟ್ಟಿರುತ್ತಿದ್ದಳು.

1780ರಲ್ಲಿ ಮ್ಯಾಸಚೂಸೆಟ್ಸ್ ಹೊಸ ಸಂವಿಧಾನವನ್ನು ಅಂಗೀಕರಿಸಿತು. ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು ಅದು ಸಾರಿತು. ಓದುಬರಹವಿಲ್ಲದ ಬೆಟ್ ಈ ಮಾತು ಇತರರ ಬಾಯಲ್ಲಿ ಬಂದುದನ್ನು ಕೇಳಿ ಮನಸ್ಸಿನಲ್ಲಿಟ್ಟುಕೊಂಡಳು. ತಾನೂ ಮನುಷ್ಯಳಲ್ಲವೆ ಎಂಬ ಪ್ರಶ್ನೆಯನ್ನು ಹೊತ್ತು ಥಿಯೊಡೋರ್ ಸೆಡ್ಜ್‌ವಿಕ್ ಎಂಬ ವಕೀಲನ ಬಳಿಗೆ ಹೋದಳು. ಸೆಡ್ಜ್‌ವಿಕ್ ಈ ವ್ಯಾಜ್ಯವನ್ನು ಕೈಗೆತ್ತಿಕೊಂಡು ರೀವ್‌ನ ನೆರವನ್ನು ಬೇಡಿದನು. ಆಶ್ಲಿಯ ಇನ್ನೊಬ್ಬ ಗುಲಾಮನಾದ ಬ್ರಾಮ್ ಎಂಬವನನ್ನೂ ವಾದಿಯಾಗಿ ಸೇರಿಸಲಾಯಿತು. ಹೆಂಗಸೊಬ್ಬಳೇ ವಾದಿಯಾಗಿದ್ದರೆ ದಾವೆಗೆ ಬಲ ಸಾಲದೆಂದು ವಕೀಲರು ಅಂಜಿರಬಹುದೆಂಬುದು ಕೆಲವು ಇತಿಹಾಸಕಾರರ ಊಹೆ.

1781ರ ಆಗಸ್ಟಿನಲ್ಲಿ ಗ್ರೇಟ್ ಬ್ಯಾರಿಂಗ್‌ಟನ್ ಎಂಬಲ್ಲಿ ವಿಚಾರಣೆ ನಡೆಯಿತು. ರಾಜ್ಯದ ಸಂವಿಧಾನವೇ ಎಲ್ಲರೂ ಸ್ವತಂತ್ರರೆಂದು ಹೇಳಿರುವಾಗ ಒಬ್ಬರು ಇನ್ನೊಬ್ಬರ ಸ್ವತ್ತಾಗಿರಲು ಹೇಗೆ ಸಾಧ್ಯ ಎಂಬುದು ಸೆಡ್ಜ್‌ವಿಕ್ ಮತ್ತು ರೀವ್ ಇವರ ವಾದದ ತಿರುಳು. ಪಂಚರು ಆ ವಾದವನ್ನು ಒಪ್ಪಿ, ಬ್ರಾಮ್ ಮತ್ತು ಬೆಟ್ ಆಶ್ಲಿಯ ಗುಲಾಮರಲ್ಲವೆಂದು ತೀರ್ಪಿತ್ತರು. ಮೂವತ್ತು ಷಿಲಿಂಗುಗಳ ಪರಿಹಾರವನ್ನೂ ಕೊಡಿಸಿದರು. ಆಶ್ಲಿ ಮೇಲ್ಮನವಿ ಸಲ್ಲಿಸಿ, ಅನಂತರ ಅದನ್ನು ಕೈಬಿಟ್ಟನು. ಬೆಟ್ ಎಲಿಜಬೆತ್ ಫ್ರೀಮನ್ ಎಂಬ ಹೆಸರನ್ನಿಟ್ಟುಕೊಂಡಳು. ‘ಫ್ರೀಮನ್’ ಎಂದರೆ ಸ್ವತಂತ್ರ ಮನುಷ್ಯ. ಕೂಲಿ ಪಡೆದು ಸೆಡ್ಜ್‌ವಿಕ್‌ನ ಮನೆಯಲ್ಲಿ ದುಡಿದು, ಸ್ವಂತ ಮನೆಯನ್ನೂ ಮಾಡಿಕೊಂಡು, 1829ರವರೆಗೆ ಅವಳು ಬಾಳಿದಳು.

ಗುಲಾಮಳ ಸ್ಥಿತಿಯೂ ವಿವಾಹಿತ ಸ್ತ್ರೀಯ ಸ್ಥಿತಿಯೂ ಒಂದೇ ಎಂದು ಹೇಳಲಾಗದು. ಗುಲಾಮಳನ್ನು ಸಂತೆಯಲ್ಲಿ ಮಾರಬಹುದಾಗಿತ್ತು, ಹೆಂಡತಿಯನ್ನು ಮಾರಲಾಗುತ್ತಿರಲಿಲ್ಲ. ಆದರೆ ಒಬ್ಬ ಮನುಷ್ಯಜೀವಿಯ ಇಚ್ಛೆಯನ್ನು ಮತ್ತೊಬ್ಬನ ಇಚ್ಛೆಯಲ್ಲಿ ಕರಗಿಸಿಬಿಡುವುದಕ್ಕೆ ಕಾನೂನು ಯಾವ ಕಾರಣ ಕೊಡುತ್ತದೆ ಎಂಬ ಪ್ರಶ್ನೆ ಎರಡು ಕಡೆಗಳಲ್ಲಿಯೂ ಏಳುತ್ತಿತ್ತು. ರೀವ್ ಆ ಪ್ರಶ್ನೆಯನ್ನು ಮುಂದೆ ನ್ಯಾಯಾಲಯಕ್ಕಿಂತ ಹೆಚ್ಚಾಗಿ ಪಾಠಶಾಲೆಯಲ್ಲಿ ಎತ್ತಿದನು.

ಆ ಕಾಲದಲ್ಲಿ ವಕೀಲನಾಗಬಯಸುವ ತರುಣನು ಹಿರಿಯ ವಕೀಲನೊಬ್ಬನ ಕಚೇರಿಯಲ್ಲಿ ಉಮೇದುವಾರನಾಗಿ ಸೇರುತ್ತಿದ್ದನು. ಪತ್ರಗಳನ್ನು ನಕಲು ಮಾಡುತ್ತ, ಸಿಕ್ಕಿದ ಪುಸ್ತಕವನ್ನು ಓದುತ್ತ, ಕಲಿತಷ್ಟು ಕಲಿಯುತ್ತಿದ್ದನು. ರೀವ್‌ನ ಬಳಿಗೆ ಹೀಗೆ ಬಂದ ಮೊದಲಿಗರಲ್ಲಿ ಅವನ ಭಾವಮೈದುನ ಏರನ್ ಬರ್ ಒಬ್ಬನು. ಯುದ್ಧವು ಮುಗಿದ ಮೇಲೆ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿತು. ಮನೆಯ ಹಜಾರದಲ್ಲಿ ಸ್ಥಳ ಸಾಲದಾಯಿತು. 1784ರಲ್ಲಿ ರೀವ್ ಮನೆಯ ಪಕ್ಕದಲ್ಲಿ ಒಂದೇ ಕೊಠಡಿಯ ಚಿಕ್ಕ ಮರದ ಕಟ್ಟಡವನ್ನು ಕಟ್ಟಿಸಿ, ಕಾನೂನನ್ನು ಕ್ರಮವಾಗಿ, ವಿಷಯದ ಮೇಲೆ ವಿಷಯವಾಗಿ ಬೋಧಿಸತೊಡಗಿದನು. ಯಾವ ವಿಶ್ವವಿದ್ಯಾಲಯಕ್ಕೂ ಸೇರದ, ಕಾನೂನಿಗೆಂದೇ ಮೀಸಲಾದ ಶಾಲೆ ಅಮೆರಿಕದಲ್ಲಿ ಅದಕ್ಕೆ ಮೊದಲು ಇರಲಿಲ್ಲ. 1798ರಲ್ಲಿ ರೀವ್ ರಾಜ್ಯದ ಉನ್ನತ ನ್ಯಾಯಾಲಯದ ನ್ಯಾಯಾಧೀಶನಾದಾಗ, ಅವನ ಶಿಷ್ಯನಾದ ಜೇಮ್ಸ್ ಗೂಲ್ಡ್ ಬೋಧನೆಯಲ್ಲಿ ಜೊತೆಗೂಡಿದನು. 1833ರಲ್ಲಿ ಶಾಲೆ ಮುಚ್ಚುವವರೆಗೆ ಅಲ್ಲಿ ಓದಿದವರು ಸುಮಾರು ಸಾವಿರ ಮಂದಿ. ಅವರಲ್ಲಿ ಇಬ್ಬರು ದೇಶದ ಉಪಾಧ್ಯಕ್ಷರಾದರು. ಮೂವರು ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ನೂರಕ್ಕೂ ಮಿಕ್ಕಿ ಜನ ಕಾಂಗ್ರೆಸ್ಸಿನ ಸದಸ್ಯರಾದರು.

ಉಪಾಧ್ಯಕ್ಷರಾದ ಇಬ್ಬರಲ್ಲಿ ಒಬ್ಬನಾದ ಜಾನ್ ಕ್ಯಾಲ್‌ಹೂನ್ ಮುಂದೆ ಗುಲಾಮಗಿರಿಯ ಅತಿ ದೊಡ್ಡ ಸಮರ್ಥಕನೆಂದು ಹೆಸರಾದುದು ವಿಚಿತ್ರವೇ ಸರಿ. ಗುರುವಿನ ವಿದ್ಯೆಯೆಲ್ಲ ಶಿಷ್ಯರಿಗೆ ಹಿಡಿಸುವುದಿಲ್ಲ.

ವಿದ್ಯಾರ್ಥಿಗಳು ರೀವ್ ಹೇಳಿದುದನ್ನು ಬರೆದುಕೊಂಡು, ರಾತ್ರಿ ದೀಪದ ಬೆಳಕಿನಲ್ಲಿ ದುಂಡಾದ ಅಕ್ಷರಗಳಲ್ಲಿ ತಿದ್ದಿ ಬರೆದು, ರಟ್ಟು ಹಾಕಿಸಿ ಇಟ್ಟುಕೊಳ್ಳುತ್ತಿದ್ದರು. ಊರಿಗೆ ಮರಳಿದ ಮೇಲೆ ಅವೇ ಅವರ ವೃತ್ತಿಯ ಆಧಾರಗ್ರಂಥಗಳಾಗುತ್ತಿದ್ದವು. ಗಂಡಹೆಂಡಿರ ಸಂಬಂಧದ ಬಗೆಗೆ ರೀವ್ ಆಡಿದ ಮಾತುಗಳು ಹೀಗೆ ಅಚ್ಚಾಗುವ ಮೊದಲೇ ಹಲವು ರಾಜ್ಯಗಳಿಗೆ ಹರಡಿದವು. ಕೊನೆಗೆ 1816ರಲ್ಲಿ ಅವನು ಆ ಉಪನ್ಯಾಸಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಅದರ ಹೆಸರು ‘ಬ್ಯಾರನ್ ಮತ್ತು ಫೆಮ್ ಕಾನೂನು’. ‘ಬ್ಯಾರನ್’ ಎಂದರೆ ಒಡೆಯ. ‘ಫೆಮ್’ ಎಂದರೆ ಹೆಣ್ಣು. ಗಂಡಹೆಂಡಿರನ್ನು ಕಾನೂನು ಕರೆಯುತ್ತಿದ್ದುದೇ ಹಾಗೆ. ತಂದೆ ಮಕ್ಕಳು, ಪೋಷಕರು, ಯಜಮಾನ ಸೇವಕರು ಇವರ ಸಂಬಂಧಗಳ ವಿಚಾರವೂ ಆ ಗ್ರಂಥದಲ್ಲಿ ಬರುತ್ತದೆ.

ಗಂಡಹೆಂಡಿರು ಕಾನೂನಿನಲ್ಲಿ ಒಂದೇ ವ್ಯಕ್ತಿಯೆಂಬ ಮಾತು ಸರಿಯಲ್ಲ ಎಂದು ರೀವ್ ಅದರಲ್ಲಿ ವಾದಿಸಿದನು. ಹೆಂಡತಿ ಕೊಲೆ ಮಾಡಿದರೆ ಕಾನೂನು ಅವಳನ್ನೇ ಶಿಕ್ಷಿಸುತ್ತದೆ, ಗಂಡನನ್ನಲ್ಲ. ಅವಳ ಭೂಮಿ ಗಂಡನ ಮರಣಾನಂತರ ಅವನ ವಾರಸುದಾರರಿಗೆ ಹೋಗುವುದಿಲ್ಲ, ಅವಳಿಗೇ ಉಳಿಯುತ್ತದೆ. ಅವಳ ಭೂಮಿಯನ್ನು ಮಾರಬೇಕಾದರೆ ಅವಳ ಒಪ್ಪಿಗೆ ಬೇಕು. ಒಂದೇ ವ್ಯಕ್ತಿಯಾಗಿದ್ದರೆ ಇವೆಲ್ಲ ಹೇಗೆ ಸಾಧ್ಯ? ಹೆಂಡತಿಯು ಕರಾರು ಮಾಡಲಾರಳು ಎಂಬುದಕ್ಕೆ ನಿಜವಾದ ಕಾರಣವು ಐಕ್ಯವಲ್ಲ, ಅಧಿಕಾರ. ಅವಳು ಗಂಡನ ಹಿಡಿತದಲ್ಲಿದ್ದಾಳೆ, ಆದುದರಿಂದ ಅವಳು ಮಾಡಿದ ಕರಾರು ಅವನ ಬಲಾತ್ಕಾರದಿಂದ ಆಗಿರಬಹುದು ಎಂದು ಕಾನೂನು ಶಂಕಿಸುತ್ತದೆ. ಜೊತೆಗೆ, ಅವಳು ಸಾಲದ ಕರಾರಿನಿಂದ ಸೆರೆಮನೆ ಸೇರಿದರೆ ಗಂಡನು ಅವಳ ಸಾಹಚರ್ಯವನ್ನು ಕಳೆದುಕೊಳ್ಳುತ್ತಾನೆ. ರೀವ್ ಕಂಡ ಕಾರಣಗಳು ಇವು.

ಮೇಲುನೋಟಕ್ಕೆ ಇದು ಪಂಡಿತರ ಪದಜಗಳದಂತೆ ತೋರಬಹುದು. ವಾಸ್ತವವಾಗಿ ಇದರಿಂದ ಬಹಳ ದೂರದ ಪರಿಣಾಮಗಳು ಹೊರಡುತ್ತಿದ್ದವು. ಇಬ್ಬರೂ ಒಂದೇ ವ್ಯಕ್ತಿಯೆಂದರೆ ಅಲ್ಲಿಗೆ ಮಾತು ಮುಗಿಯಿತು. ಇಲ್ಲದ ವ್ಯಕ್ತಿಗೆ ಹಕ್ಕು ಎಲ್ಲಿಯದು? ಆದರೆ ಹೆಂಡತಿಯು ಬೇರೆ ವ್ಯಕ್ತಿ, ಅವಳ ಮೇಲೆ ಗಂಡನ ಅಧಿಕಾರವಿದೆ ಎಂದು ಒಪ್ಪಿದ ಮೇಲೆ, ಪ್ರತಿಯೊಂದು ಸಂದರ್ಭದಲ್ಲಿಯೂ ಕೇಳಬಹುದು: ಇಲ್ಲಿ ಬಲಾತ್ಕಾರಕ್ಕೆ ಅವಕಾಶವಿದೆಯೆ? ಗಂಡನ ನ್ಯಾಯವಾದ ಹಕ್ಕಿಗೆ ಧಕ್ಕೆ ಬರುತ್ತದೆಯೆ? ಎರಡೂ ಇಲ್ಲವಾದರೆ ಅವಳನ್ನು ತಡೆಯಲು ಕಾರಣವೇ ಉಳಿಯದು.

ಉಯಿಲಿನ ಪ್ರಶ್ನೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ತನ್ನ ತಂದೆಯಿಂದ ಬಂದ ಹೊಲವನ್ನು ತಾನು ಸತ್ತ ಮೇಲೆ ಇಂಥವರಿಗೆ ಸೇರಬೇಕೆಂದು ವಿವಾಹಿತ ಸ್ತ್ರೀಯು ಉಯಿಲು ಬರೆಯಬಹುದೆ? ಬೇರೆ ಯಾವ ಹಕ್ಕು ಇಲ್ಲದಿದ್ದರೂ ಇದೊಂದು ಇದ್ದರೆ, ಮುಪ್ಪಿನಲ್ಲಿ ತನ್ನನ್ನು ನೋಡಿಕೊಂಡ ಮಗಳಿಗೋ ಕಷ್ಟದಲ್ಲಿರುವ ತಂಗಿಗೋ ಅವಳು ಏನನ್ನಾದರೂ ಬಿಟ್ಟುಹೋಗಬಹುದಾಗಿತ್ತು. ವಯಸ್ಸಿಗೆ ಬಂದು ಬುದ್ಧಿ ಸ್ವಸ್ಥವಾಗಿರುವ ಎಲ್ಲ ವ್ಯಕ್ತಿಗಳೂ ಉಯಿಲು ಮಾಡಬಹುದೆಂದು ಕನೆಕ್ಟಿಕಟ್‌ನ ಕಾನೂನು ಹೇಳುತ್ತಿತ್ತು. ವಿವಾಹಿತ ಸ್ತ್ರೀಯು ಆ ‘ವ್ಯಕ್ತಿ’ಗಳಲ್ಲಿ ಸೇರುತ್ತಾಳೆಯೆ ಎಂಬುದೇ ವಿವಾದ. 1805ರಲ್ಲಿ ಫಿಚ್ ಮತ್ತು ಬ್ರೇನರ್ಡ್ ಎಂಬವರ ವ್ಯಾಜ್ಯದಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವು ಅವಳು ಸೇರುವುದಿಲ್ಲವೆಂದು ತೀರ್ಮಾನಿಸಿತು.

ರೀವ್ ಈ ತೀರ್ಮಾನವನ್ನು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಉಯಿಲಿನ ಶಾಸನವನ್ನು ಮಾಡಿದಾಗ, ವಿವಾಹಿತ ಸ್ತ್ರೀಯರಿಗೆ ಆ ಹಕ್ಕು ಇಲ್ಲವೆಂದು ಪ್ರತ್ಯೇಕವಾಗಿ ಹೇಳಬೇಕಾಗಿ ಬಂದಿತ್ತು. ಕನೆಕ್ಟಿಕಟ್‌ನ ಶಾಸನದಲ್ಲಿ ಅಂತಹ ಮಾತು ಇರಲಿಲ್ಲ. ಅಲ್ಲದೆ ಉಯಿಲು ಜಾರಿಗೆ ಬರುವುದು ಬರೆದವಳು ತೀರಿಕೊಂಡ ಮೇಲೆ. ಅದು ಅವಳನ್ನು ಸೆರೆಮನೆಗೆ ಕಳಿಸುವುದಿಲ್ಲ. ಗಂಡನು ಹೆದರಿಸಿ ಬರೆಯಿಸಿದ್ದಾನೆಂಬ ಶಂಕೆ ಇದ್ದರೆ ಆ ಒಂದು ಉಯಿಲನ್ನು ಪರೀಕ್ಷಿಸಿ ತಳ್ಳಿಹಾಕಬಹುದು. ಅದಕ್ಕಾಗಿ ಎಲ್ಲ ಹೆಂಗಸರ ಬಾಯಿ ಕಟ್ಟಬೇಕಾಗಿಲ್ಲ. ಮೂಲಸೂತ್ರವೊಂದು ಬದಲಾದರೆ ತೀರ್ಪು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1809ರಲ್ಲಿ ಕನೆಕ್ಟಿಕಟ್ ಶಾಸನಸಭೆಯು ವಿವಾಹಿತ ಸ್ತ್ರೀಯರು ಉಯಿಲು ಮಾಡಬಹುದೆಂದು ಕಾನೂನು ಮಾಡಿತು. ನ್ಯಾಯಾಲಯವು ಮುಚ್ಚಿದ ಬಾಗಿಲನ್ನು ಶಾಸನಸಭೆ ನಾಲ್ಕು ವರ್ಷಗಳಲ್ಲಿ ತೆರೆಯಿತು.

ಗಂಡನು ಹೆಂಡತಿಗೆ ಮಿತವಾಗಿ ದಂಡಿಸಬಹುದೆಂಬ ಹಳೆಯ ನಂಬಿಕೆಯೊಂದು ಇಂಗ್ಲಿಷ್ ಕಾನೂನಿನಲ್ಲಿ ಉಳಿದುಬಂದಿತ್ತು. ತನ್ನ ರಾಜ್ಯದಲ್ಲಿ ಅಂತಹ ಹಕ್ಕನ್ನು ಯಾವ ಗಂಡಸೂ ಕೇಳುವುದಿಲ್ಲ, ಕಾನೂನೂ ಅದನ್ನು ಮಾನ್ಯ ಮಾಡುವುದಿಲ್ಲ ಎಂದು ರೀವ್ ಸ್ಪಷ್ಟವಾಗಿ ಬರೆದನು. ಅವನ ಗ್ರಂಥ ಬಂದು ಎಂಟು ವರ್ಷಗಳಾದ ಮೇಲೆಯೂ, 1824ರಲ್ಲಿ, ಮಿಸಿಸಿಪಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅಂತಹ ಹಕ್ಕು ಗಂಡನಿಗೆ ಇದೆಯೆಂದು ಹೇಳಿತು. ಇದನ್ನು ನೆನೆದರೆ ರೀವ್‌ನ ಮಾತಿನ ಬೆಲೆ ತಿಳಿಯುತ್ತದೆ.

ರೀವ್‌ನ ಸ್ವಂತ ಬಾಳಿನಲ್ಲಿ ಸುಖದುಃಖಗಳೆರಡೂ ಇದ್ದವು. ಸ್ಯಾಲಿ ಬಹುಕಾಲ ರೋಗದಿಂದ ನರಳಿ 1797ರಲ್ಲಿ ತೀರಿಕೊಂಡಳು. ಮರುವರ್ಷ ಅವನು ಮತ್ತೆ ಮದುವೆಯಾದನು. ಒಬ್ಬನೇ ಮಗ ತಂದೆಗಿಂತ ಮೊದಲೇ ಸತ್ತನು. ರಾಜಕೀಯದಲ್ಲಿ ರೀವ್ ಹಳೆಯ ಪದ್ಧತಿಯ ಕಡೆಯವನು. ಅವನು ಸೇರಿದ್ದ ಫೆಡರಲಿಸ್ಟ್ ಪಕ್ಷವು ಜನಸಾಮಾನ್ಯರ ಕೈಗೆ ಹೆಚ್ಚು ಅಧಿಕಾರ ಹೋಗುವುದನ್ನು ಮೆಚ್ಚುತ್ತಿರಲಿಲ್ಲ. ಅಧ್ಯಕ್ಷ ಜೆಫರ್ಸನ್ನನ ವಿರುದ್ಧ ಪತ್ರಿಕೆಯಲ್ಲಿ ಬರೆದುದಕ್ಕಾಗಿ 1806ರಲ್ಲಿ ಈ ನ್ಯಾಯಾಧೀಶನ ಮೇಲೆಯೇ ಮಾನಹಾನಿಯ ಆರೋಪ ಬಂದಿತು. ಆದರೆ ಅದು ಮುಂದುವರಿಯಲಿಲ್ಲ. 1814ರಲ್ಲಿ ಅವನು ಕನೆಕ್ಟಿಕಟ್‌ನ ಅತ್ಯುನ್ನತ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನಾದನು. ಆಗ ಅವನಿಗೆ ಎಪ್ಪತ್ತು ವರ್ಷ ತುಂಬುತ್ತಿತ್ತು. ಸ್ವಲ್ಪ ಕಾಲದಲ್ಲಿಯೇ ನಿವೃತ್ತನಾದನು.

ಅವನ ಉದಾರತೆಗೆ ಎಲ್ಲೆಗಳೂ ಇದ್ದವು. ಸ್ತ್ರೀಯರು ಮತ ಕೊಡಬೇಕೆಂಬ ವಾದವನ್ನು ಅವನ ಗ್ರಂಥದಲ್ಲಿ ಹುಡುಕಬೇಕಾಗಿಲ್ಲ. ಲಿಚ್‌ಫೀಲ್ಡಿನಲ್ಲಿಯೇ ಸಾರಾ ಪಿಯರ್ಸ್ ಎಂಬವಳು 1792ರಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದಿದ್ದಳು. ಹೊಲಿಗೆ ಚಿತ್ರಕಲೆಗಳ ಜೊತೆಗೆ ಇತಿಹಾಸ, ಭೂಗೋಳ, ವ್ಯಾಕರಣಗಳನ್ನೂ ಅಲ್ಲಿ ಕಲಿಸುತ್ತಿದ್ದರು. ಮುಂದೆ ಗುಲಾಮಗಿರಿಯ ವಿರುದ್ಧ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯನ್ನು ಬರೆದ ಹ್ಯಾರಿಯೆಟ್ ಬೀಚರ್ ಸ್ಟೋ ಆ ಶಾಲೆಯ ವಿದ್ಯಾರ್ಥಿನಿ. ಎರಡು ಶಾಲೆಗಳೂ ಒಂದೇ ಊರಿನಲ್ಲಿ ನಾಲ್ಕು ದಶಕಗಳ ಕಾಲ ನಡೆದವು. ಕಾನೂನು ಓದಲು ಬಂದ ಅನೇಕ ತರುಣರು ಪಿಯರ್ಸಳ ಶಿಷ್ಯೆಯರನ್ನು ಮದುವೆಯಾದರು. ಆದರೆ ಆ ಶಿಷ್ಯೆಯರಲ್ಲಿ ಒಬ್ಬಳೂ ರೀವ್‌ನ ಶಾಲೆಯ ವಿದ್ಯಾರ್ಥಿಯಾಗಲಿಲ್ಲ. ಹೆಂಡತಿಯ ಹಕ್ಕುಗಳ ಮೇಲಣ ಪಾಠವನ್ನು ಕೇಳಿದವರೆಲ್ಲರೂ ಗಂಡಸರೇ. ಅಮೆರಿಕದಲ್ಲಿ ಸ್ತ್ರೀಯೊಬ್ಬಳು ವಕೀಲಳಾಗಿ ಅಂಗೀಕೃತಳಾದುದು 1869ರಲ್ಲಿ, ಐಯೊವ ರಾಜ್ಯದಲ್ಲಿ. ಅವಳ ಹೆಸರು ಅರಬೆಲಾ ಮ್ಯಾನ್ಸ್‌ಫೀಲ್ಡ್.

ರೀವ್ 1820ರಲ್ಲಿ ಬೋಧನೆಯನ್ನು ನಿಲ್ಲಿಸಿ, 1823ರ ಡಿಸೆಂಬರ್ 13ರಂದು ಲಿಚ್‌ಫೀಲ್ಡಿನಲ್ಲಿ ತೀರಿಕೊಂಡನು. ಅವನ ಗ್ರಂಥ ಅವನ ಕಾಲಕ್ಕೆ ಮುಗಿಯಲಿಲ್ಲ. 1846ರಲ್ಲಿಯೂ 1862ರಲ್ಲಿಯೂ ಇತರರು ಅದನ್ನು ಹೊಸ ಟಿಪ್ಪಣಿಗಳೊಡನೆ ಮತ್ತೆ ಅಚ್ಚು ಹಾಕಿಸಿದರು. ಆ ಎರಡು ಮುದ್ರಣಗಳ ನಡುವೆ, 1848ರಲ್ಲಿ, ನ್ಯೂಯಾರ್ಕ್ ಶಾಸನಸಭೆಯು ಮದುವೆಯ ಮೊದಲು ಸ್ತ್ರೀಗೆ ಇದ್ದ ಆಸ್ತಿ ಮದುವೆಯ ಅನಂತರವೂ ಅವಳದೇ ಎಂಬ ಶಾಸನವನ್ನು ಮಾಡಿತು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಆ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಸ್ತ್ರೀಯರು ಸಭೆ ಸೇರಿ, ತಮಗೆ ಮತದ ಹಕ್ಕೂ ಬೇಕೆಂದು ಕೇಳಿದರು. ಕನೆಕ್ಟಿಕಟ್‌ನಲ್ಲಿ ಹೆಂಡತಿಯ ಆಸ್ತಿ ಪೂರ್ಣವಾಗಿ ಅವಳದೇ ಆಗಲು 1877ರವರೆಗೆ ಕಾಯಬೇಕಾಯಿತು. ಮನೆಯ ಪಕ್ಕದಲ್ಲಿ ರೀವ್ ಕಟ್ಟಿಸಿದ ಒಂದು ಕೊಠಡಿಯ ಶಾಲೆಯನ್ನು ಲಿಚ್‌ಫೀಲ್ಡಿನಲ್ಲಿ ಈಗಲೂ ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದ್ದಾರೆ.